ಜೇಮ್ಸ್ ಅರ್ಲ್ ಜೋನ್ಸ್: ಮೌನದಿಂದ ಮೊಳಗಿದ ಕಂಠ

ಅಮೆರಿಕದ ರಂಗಭೂಮಿ, ಚಲನಚಿತ್ರ, ದೂರದರ್ಶನ ಮತ್ತು ಕಂಠದಾನ ಈ ನಾಲ್ಕೂ ಕ್ಷೇತ್ರಗಳಲ್ಲಿ ಆರು ದಶಕಗಳಿಗೂ ಮಿಕ್ಕಿ ದುಡಿದ ನಟ ಜೇಮ್ಸ್ ಅರ್ಲ್ ಜೋನ್ಸ್ (1931–2024). ಇವರ ಹೆಸರನ್ನು ಕೇಳದವರೂ ಇವರ ದನಿಯನ್ನು ಕೇಳಿರುವ ಸಾಧ್ಯತೆ ಹೆಚ್ಚು. 'ಸ್ಟಾರ್ ವಾರ್ಸ್' ಚಿತ್ರಮಾಲೆಯ ಕಪ್ಪು ಮುಖವಾಡದ ಖಳನಾಯಕ ಡಾರ್ತ್ ವೇಡರನ ಮಾತು ಇವರದು. ವಾಲ್ಟ್ ಡಿಸ್ನಿ ಸಂಸ್ಥೆಯ 'ದಿ ಲಯನ್ ಕಿಂಗ್' ಚಿತ್ರದಲ್ಲಿ ಮರಿಸಿಂಹ ಸಿಂಬಾನಿಗೆ ರಾಜಧರ್ಮವನ್ನು ಬೋಧಿಸುವ ತಂದೆ ಮುಫಾಸಾನ ಗಂಭೀರ ಕಂಠವೂ ಇವರದೇ. ಒಂದು ಪೀಳಿಗೆಯನ್ನು ಹೆದರಿಸಿದ ದನಿಯೂ ಮುಂದಿನ ಪೀಳಿಗೆಯನ್ನು ಸಂತೈಸಿದ ದನಿಯೂ ಒಂದೇ ಎಂಬುದು ಸಣ್ಣ ಸಂಗತಿಯಲ್ಲ.

ಇದಕ್ಕಿಂತಲೂ ಸೋಜಿಗದ ಸಂಗತಿಯೊಂದಿದೆ. ಜಗತ್ತಿನ ಅತ್ಯಂತ ಪರಿಚಿತ ಕಂಠಗಳಲ್ಲೊಂದಕ್ಕೆ ಒಡೆಯರಾದ ಈ ವ್ಯಕ್ತಿ ಬಾಲ್ಯದಲ್ಲಿ ಸುಮಾರು ಎಂಟು ವರ್ಷಗಳ ಕಾಲ ಹೆಚ್ಚುಕಡಿಮೆ ಮೂಕನಂತೆಯೇ ಬದುಕಿದ್ದರು. ಅವರ ವೃತ್ತಿಜೀವನದ ಮುಖ್ಯ ಘಟ್ಟಗಳನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ. ಜೊತೆಗೆ, ಒಬ್ಬ ಮನುಷ್ಯನ ದನಿ ಯಾರ ಸೊತ್ತು ಎಂಬ ಪ್ರಶ್ನೆಯನ್ನೂ ನಾವು ಕೊನೆಯಲ್ಲಿ ಪರಿಶೀಲಿಸಲಿದ್ದೇವೆ. ಅವರ ಕೊನೆಯ ದಿನಗಳಲ್ಲಿ ಎದ್ದ ಆ ಪ್ರಶ್ನೆ ಈಗ ನಮ್ಮ ದೇಶದ ನ್ಯಾಯಾಲಯಗಳನ್ನೂ ತಲುಪಿದೆ.

ಬಾಲ್ಯ ಮತ್ತು ಮೌನ

ಜೋನ್ಸ್ ಅವರು ಜನಿಸಿದ್ದು 1931ರ ಜನವರಿ 17ರಂದು, ಮಿಸಿಸಿಪಿ ರಾಜ್ಯದ ಅರ್ಕಬಟ್ಲ ಎಂಬ ಹಳ್ಳಿಯಲ್ಲಿ. ತಂದೆ ರಾಬರ್ಟ್ ಅರ್ಲ್ ಜೋನ್ಸ್ ಮಗುವಿನ ಜನನದ ಆಸುಪಾಸಿನಲ್ಲೇ ಮನೆ ಬಿಟ್ಟು ಹೊರಟರು. ಮುಷ್ಟಿಯುದ್ಧವನ್ನೂ ಬಳಿಕ ನಟನೆಯನ್ನೂ ವೃತ್ತಿಯಾಗಿಸಿಕೊಂಡ ಅವರು 1973ರ 'ದಿ ಸ್ಟಿಂಗ್' ಚಿತ್ರದಲ್ಲಿ ಕಾಣಿಸಿಕೊಂಡಿದ್ದಾರೆ. ಮಗ ತಂದೆಯನ್ನು ನಿಜವಾಗಿ ಅರಿತದ್ದು ಪ್ರಾಯಕ್ಕೆ ಬಂದ ಮೇಲೆಯೇ. ತಾಯಿಯೂ ದುಡಿಮೆಗಾಗಿ ದೂರವಿದ್ದುದರಿಂದ ಬಾಲಕನನ್ನು ಸಾಕಿ ಬೆಳೆಸಿದವರು ತಾಯಿಯ ತಂದೆ ತಾಯಿಯರು.

ಆ ಕಾಲದ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ವರ್ಣಭೇದವು ಕಾನೂನಿನ ಬೆಂಬಲವನ್ನೇ ಪಡೆದಿತ್ತು. 1910ರಿಂದ 1970ರವರೆಗಿನ ಅವಧಿಯಲ್ಲಿ ಸುಮಾರು ಅರುವತ್ತು ಲಕ್ಷ ಮಂದಿ ಕಪ್ಪು ವರ್ಣೀಯರು ದಕ್ಷಿಣವನ್ನು ತೊರೆದು ಉತ್ತರ ಮತ್ತು ಪಶ್ಚಿಮದ ರಾಜ್ಯಗಳಿಗೆ ವಲಸೆ ಹೋದರು. ಚರಿತ್ರಕಾರರು 'ಮಹಾವಲಸೆ' ಎಂದು ಕರೆಯುವ ಈ ಪ್ರವಾಹದಲ್ಲಿ ಜೋನ್ಸ್ ಅವರ ಅಜ್ಜ ಅಜ್ಜಿಯರೂ ಸೇರಿದ್ದರು. ಅವರು ಮಿಶಿಗನ್ ರಾಜ್ಯದ ಡಬ್ಲಿನ್ ಎಂಬ ಊರಿನ ಬಳಿ ಜಮೀನು ಮಾಡಿಕೊಂಡು ನೆಲೆಸಿದರು. ಆಗ ಬಾಲಕನಿಗೆ ಐದು ವರ್ಷ.

ಹುಟ್ಟಿದ ಊರು ಬಿಟ್ಟು ಇನ್ನೊಂದು ನಾಡಿನಲ್ಲಿ ಬೇರೂರುವುದೆಂದರೇನು ಎಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಬಾಲಕ ಜೋನ್ಸರಿಗೆ ಆ ಸ್ಥಳಾಂತರ ಬಲವಾದ ಆಘಾತವಾಯಿತು. ಉಗ್ಗು ಆರಂಭವಾಯಿತು. ಸಹಪಾಠಿಗಳ ನಗೆಗೆ ಗುರಿಯಾಗುವುದಕ್ಕಿಂತ ಬಾಯಿ ಮುಚ್ಚಿಕೊಂಡಿರುವುದೇ ಲೇಸೆಂದು ಅವರು ಮಾತನ್ನೇ ಬಿಟ್ಟರು. ಮನೆಯವರೊಡನೆ ಒಂದೆರಡು ಮಾತು, ಹೊಲದ ದನಕರುಗಳೊಡನೆ ಇನ್ನಷ್ಟು ಮಾತು. ಶಾಲೆಯಲ್ಲಿ ಮಾತ್ರ ಎಲ್ಲವೂ ಬರವಣಿಗೆಯ ಮೂಲಕವೇ.

ಒಬ್ಬ ಉಪಾಧ್ಯಾಯರ ಉಪಾಯ

ಈ ಮೌನವನ್ನು ಮುರಿದವರು ಪ್ರೌಢಶಾಲೆಯ ಇಂಗ್ಲಿಷ್ ಉಪಾಧ್ಯಾಯರಾದ ಡೊನಾಲ್ಡ್ ಕ್ರೌಚ್. ಹುಡುಗ ಗುಟ್ಟಾಗಿ ಕವಿತೆಗಳನ್ನು ಬರೆಯುತ್ತಾನೆಂಬುದು ಅವರಿಗೆ ತಿಳಿಯಿತು. ಆ ಕಾಲದಲ್ಲಿ ಸರಕಾರವು ಮಿಗತೆಯಾದ ಹಣ್ಣುಗಳನ್ನು ಗ್ರಾಮೀಣ ಪ್ರದೇಶಗಳಿಗೆ ಹಂಚುತ್ತಿತ್ತು. ಚಳಿಗಾಲದಲ್ಲಿ ಹಾಗೆ ಬಂದ ದ್ರಾಕ್ಷಿಹಣ್ಣಲ್ಲದ 'ಗ್ರೇಪ್‌ಫ್ರೂಟ್' ಎಂಬ ಚಕ್ಕೋತದ ಜಾತಿಯ ಹಣ್ಣಿನ ರುಚಿಗೆ ಮನಸೋತ ಹುಡುಗ ಅದರ ಮೇಲೊಂದು ಕವಿತೆಯನ್ನು ಕಟ್ಟಿದ್ದ. ಅದನ್ನು ಓದಿದ ಕ್ರೌಚ್ ಅವರು, ಇದು ನೀನೇ ಬರೆದದ್ದೆಂದು ನಂಬಲಾಗದಷ್ಟು ಚೆನ್ನಾಗಿದೆ, ನಿನ್ನದೇ ಆಗಿದ್ದರೆ ತರಗತಿಯ ಮುಂದೆ ನಿಂತು ಬಾಯಿಪಾಠ ಒಪ್ಪಿಸು ಎಂದರು.

ಕಳ್ಳನೆನಿಸಿಕೊಳ್ಳುವ ಅವಮಾನವೇ ಹುಡುಗನನ್ನು ಎಬ್ಬಿಸಿ ನಿಲ್ಲಿಸಿತು. ಅವನು ಕವಿತೆಯನ್ನು ಆದಿಯಿಂದ ಅಂತ್ಯದವರೆಗೆ ಒಮ್ಮೆಯೂ ಉಗ್ಗದೆ ಒಪ್ಪಿಸಿದ. ಛಂದಸ್ಸಿನ ಲಯ ಹಿಡಿದು ಸಾಗುವಾಗ ನಾಲಗೆ ತೊಡರುವುದಿಲ್ಲ ಎಂಬುದು ಅಂದು ಇಬ್ಬರಿಗೂ ತಿಳಿಯಿತು. ಮುಂದೆ ಕ್ರೌಚ್ ಅವರು ಆತನಿಂದ ದಿನವೂ ಕಾವ್ಯವಾಚನ ಮಾಡಿಸಿದರು, ಚರ್ಚಾಸ್ಪರ್ಧೆಗಳಿಗೆ ಕಳುಹಿಸಿದರು. ಎಂಟು ವರ್ಷ ಬಳಕೆಯಾಗದೆ ಉಳಿದಿದ್ದ ಕಂಠ ಈ ನಡುವೆ ಒಡೆದು ಗಂಡುದನಿಯಾಗಿತ್ತು. ತಮಗೇ ಅಪರಿಚಿತವಾದ ಆಳವಾದ ದನಿಯೊಂದು ತಮ್ಮೊಳಗಿದೆಯೆಂದು ಜೋನ್ಸ್ ಅವರಿಗೆ ಅರಿವಾದದ್ದು ಆಗಲೇ.

ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು. ತಮ್ಮ ಉಗ್ಗು ವಾಸಿಯಾಯಿತೆಂದು ಜೋನ್ಸ್ ಎಂದೂ ಹೇಳಿಕೊಳ್ಳಲಿಲ್ಲ. ತಾವು ಕೊನೆಯವರೆಗೂ ಉಗ್ಗುವವರೇ, ಅದರೊಡನೆ ಕೆಲಸ ಮಾಡುವುದನ್ನು ಕಲಿತೆವಷ್ಟೆ ಎಂಬುದು ಅವರ ನಿಲುವಾಗಿತ್ತು. ಅವರ ಮಾತಿನಲ್ಲಿ ನಾವು ಗಾಂಭೀರ್ಯವೆಂದು ಮೆಚ್ಚುವ ನಿಧಾನ, ಪದಪದಕ್ಕೂ ಕೊಡುವ ತೂಕ, ಅಳೆದು ಬಿಡುವ ವಿರಾಮ, ಇವೆಲ್ಲವೂ ತೊಡರುವ ನಾಲಗೆಯನ್ನು ದಾಟಿಸಲು ಕಂಡುಕೊಂಡ ದಾರಿಗಳೂ ಆಗಿದ್ದವು.

ವಯಸ್ಕರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಉಗ್ಗು ಇದೆಯೆಂಬುದು ತಜ್ಞರ ಅಂದಾಜು. ಬ್ಯಾಂಕಿನ ಕೌಂಟರಿನ ಹಿಂದೆ ದಶಕಗಳನ್ನು ಕಳೆದ ನಮಗೆ ಇದು ಬರಿಯ ಅಂಕಿಯಲ್ಲ. ತಮ್ಮ ಹೆಸರನ್ನೇ ಹೇಳಲಾಗದೆ ಪಾಸ್‌ಬುಕ್ಕನ್ನು ಮುಂದೆ ಚಾಚಿ ಸುಮ್ಮನೆ ನಿಲ್ಲುವ ಗ್ರಾಹಕರನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಸರತಿಯ ಸಾಲಿನಲ್ಲಿರುವವರ ಅಸಹನೆ ಹೆಚ್ಚಿದಷ್ಟೂ ಅವರ ನಾಲಗೆ ಬಿಗಿಯುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಮುಂಬಯಿಯ ಬಾಂದ್ರಾದಲ್ಲಿರುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯೂ ಮಾತಿನ ತೊಂದರೆಗಳಿಗೆ ಚಿಕಿತ್ಸೆ ನೀಡುವ ಕೇಂದ್ರ ಸರಕಾರದ ಸಂಸ್ಥೆಗಳಾಗಿವೆ. ಮಗು ಉಗ್ಗುತ್ತದೆಯೆಂದು ಗದರಿಸುವ ಅಥವಾ ಅದರ ವಾಕ್ಯವನ್ನು ತಾವೇ ಮುಗಿಸಿಬಿಡುವ ಹಿರಿಯರಿಗೆ ಕ್ರೌಚ್ ಉಪಾಧ್ಯಾಯರ ತಾಳ್ಮೆಯಿಂದ ಕಲಿಯಬೇಕಾದುದಿದೆ.

ರಂಗಭೂಮಿಯತ್ತ

ಜೋನ್ಸ್ ಅವರು ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು ವೈದ್ಯರಾಗಬೇಕೆಂಬ ಆಸೆಯಿಂದ. ಬೇಗನೆ ಮನಸ್ಸು ನಾಟಕದ ಕಡೆಗೆ ಹೊರಳಿತು. ಕೊರಿಯಾ ಯುದ್ಧದ ಆ ದಿನಗಳಲ್ಲಿ ಸೈನಿಕ ತರಬೇತಿಯನ್ನೂ ಪಡೆದರು. ಅಧಿಕಾರಿಯಾಗಿ ಸೇನೆಯನ್ನು ಸೇರಿದರಾದರೂ 1953ರಲ್ಲಿ ಯುದ್ಧವಿರಾಮವಾದ ಕಾರಣ ರಣರಂಗಕ್ಕೆ ಹೋಗಬೇಕಾಗಲಿಲ್ಲ. 1955ರಲ್ಲಿ ನಾಟಕ ವಿಷಯದಲ್ಲಿ ಪದವಿ ಪಡೆದರು. ಮ್ಯಾನಿಸ್ಟಿ ಎಂಬ ಊರಿನ ರಾಮ್ಸ್‌ಡೆಲ್ ರಂಗಮಂದಿರದಲ್ಲಿ ರಂಗಸಜ್ಜಿಕೆಯ ಬಡಗಿಯಾಗಿ ಆರಂಭಿಸಿ, ಅಲ್ಲಿಯೇ ಷೇಕ್ಸ್‌ಪಿಯರನ ಒಥೆಲೋ ಪಾತ್ರವನ್ನೂ ಮಾಡಿದರು.

ಬಳಿಕ ನ್ಯೂಯಾರ್ಕಿಗೆ ಹೋದರು. ಅಲ್ಲಿ ತಂದೆಯ ಪರಿಚಯ ಹೊಸದಾಗಿ ಆಯಿತು. ಅಭಿನಯ ಕಲಿಯುತ್ತಾ, ಹೊಟ್ಟೆಪಾಡಿಗಾಗಿ ಕಟ್ಟಡಗಳ ನೆಲ ಒರೆಸುವ ಕೆಲಸವನ್ನೂ ಮಾಡುತ್ತಾ ಕೆಲವು ವರ್ಷಗಳನ್ನು ಕಳೆದರು. ಬ್ರಾಡ್‌ವೇ ರಂಗಭೂಮಿಯಲ್ಲಿ ಅವರು ಕಾಣಿಸಿಕೊಂಡ ಮೊದಲ ಪಾತ್ರ 1958ರ 'ಸನ್‌ರೈಸ್ ಅಟ್ ಕ್ಯಾಂಪೊಬೆಲ್ಲೊ' ನಾಟಕದ ಮನೆಯಾಳು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರ ಜೀವನವನ್ನು ಕುರಿತ ಆ ನಾಟಕದಲ್ಲಿ ರೂಸ್‌ವೆಲ್ಟರ ಪತ್ನಿಗೆ ಊಟ ಸಿದ್ಧವಾಗಿದೆಯೆಂದು ತಿಳಿಸುವುದು ಅವರ ಕೆಲಸ. ಒಂದು ದಿನ 'ಮಿಸೆಸ್' ಎಂಬ ಪದದ ಮೊದಲಕ್ಷರದಲ್ಲೇ ನಾಲಗೆ ಸಿಕ್ಕಿಕೊಂಡು ಪ್ರೇಕ್ಷಕರೆದುರು ನಿಂತುಬಿಡಬೇಕಾಯಿತೆಂದು ಅವರೇ ನೆನಪಿಸಿಕೊಂಡಿದ್ದಾರೆ. ಆ ನಾಟಕ ನಡೆದ ಕೋರ್ಟ್ ಥಿಯೇಟರ್ ಎಂಬ ರಂಗಮಂದಿರವನ್ನು ಓದುಗರು ನೆನಪಿನಲ್ಲಿಡಬೇಕು.

1960ರ ದಶಕದಲ್ಲಿ ಜೋಸೆಫ್ ಪ್ಯಾಪ್ ಅವರ ನ್ಯೂಯಾರ್ಕ್ ಷೇಕ್ಸ್‌ಪಿಯರ್ ಉತ್ಸವ ಜೋನ್ಸರ ಪಾಠಶಾಲೆಯಾಯಿತು. ಸೆಂಟ್ರಲ್ ಪಾರ್ಕಿನ ಬಯಲು ರಂಗಮಂಚದಲ್ಲಿ ಉಚಿತವಾಗಿ ನಾಟಕಗಳನ್ನು ತೋರಿಸುತ್ತಿದ್ದ ಸಂಸ್ಥೆಯದು. 1964ರಲ್ಲಿ ಒಥೆಲೋ, 1973ರಲ್ಲಿ ದೊರೆ ಲಿಯರ್ ಹೀಗೆ ಷೇಕ್ಸ್‌ಪಿಯರನ ಮಹಾಪಾತ್ರಗಳನ್ನು ಅವರು ಅಲ್ಲಿ ಅಭಿನಯಿಸಿದರು. 1961ರಲ್ಲಿ ಫ್ರೆಂಚ್ ಲೇಖಕ ಜಾನ್ ಜನೆಯ 'ದಿ ಬ್ಲ್ಯಾಕ್ಸ್' ನಾಟಕದಲ್ಲಿ ಮಾಯಾ ಏಂಜೆಲೊ, ಸಿಸಿಲಿ ಟೈಸನ್ ಮುಂತಾದವರೊಡನೆ ನಟಿಸಿದರು. ಒಂದು ತಲೆಮಾರಿನ ಕಪ್ಪು ಕಲಾವಿದರು ಒಟ್ಟಾಗಿ ಬೆಳಕಿಗೆ ಬಂದ ಪ್ರಯೋಗವೆಂದು ಅದನ್ನು ರಂಗಚರಿತ್ರೆ ಗುರುತಿಸುತ್ತದೆ. ದಕ್ಷಿಣ ಆಫ್ರಿಕದ ನಾಟಕಕಾರ ಅಥಾಲ್ ಫ್ಯೂಗಾರ್ಡ್ ಅವರ ಹಲವು ನಾಟಕಗಳನ್ನು ಅಮೆರಿಕದ ಪ್ರೇಕ್ಷಕರಿಗೆ ಪರಿಚಯಿಸಿದವರಲ್ಲಿಯೂ ಜೋನ್ಸ್ ಪ್ರಮುಖರು.

ಎರಡು ಮಹಾಪಾತ್ರಗಳು

ಜೋನ್ಸರನ್ನು ದೇಶದ ಅಗ್ರಶ್ರೇಣಿಯ ನಟರ ಸಾಲಿಗೆ ಸೇರಿಸಿದ್ದು ಹೊವರ್ಡ್ ಸ್ಯಾಕ್ಲರ್ ಬರೆದ 'ದಿ ಗ್ರೇಟ್ ವೈಟ್ ಹೋಪ್'. 1908ರಲ್ಲಿ ಹೆವಿವೇಟ್ ಮುಷ್ಟಿಯುದ್ಧದ ವಿಶ್ವ ಪ್ರಶಸ್ತಿಯನ್ನು ಗೆದ್ದ ಮೊದಲ ಕಪ್ಪು ವರ್ಣೀಯ ಜಾಕ್ ಜಾನ್ಸನ್ ಅವರ ಬದುಕು ಈ ನಾಟಕಕ್ಕೆ ಆಧಾರ. ಜಾನ್ಸನ್ ಅವರನ್ನು ಸೋಲಿಸಬಲ್ಲ ಬಿಳಿಯನೊಬ್ಬನಿಗಾಗಿ ಇಡೀ ದೇಶವೇ ಹುಡುಕಾಡಿತು. ಕಣದಲ್ಲಿ ಸೋಲಿಸಲಾಗದಾಗ ಬಿಳಿಯ ಹೆಂಗಸಿನ ಸಂಗವನ್ನೇ ನೆಪ ಮಾಡಿ ನ್ಯಾಯಾಲಯಕ್ಕೆ ಎಳೆದು 1913ರಲ್ಲಿ ಶಿಕ್ಷೆ ವಿಧಿಸಲಾಯಿತು. ಆ ಶಿಕ್ಷೆಗೆ ಅಧಿಕೃತ ಕ್ಷಮಾದಾನ ದೊರೆತದ್ದು 2018ರಲ್ಲಿ, ಅವರು ತೀರಿಕೊಂಡು ಏಳು ದಶಕಗಳಾದ ಮೇಲೆ.

1967ರಲ್ಲಿ ವಾಷಿಂಗ್ಟನ್ನಿನ ಅರೀನಾ ಸ್ಟೇಜ್‌ನಲ್ಲಿ ಆರಂಭವಾಗಿ 1968ರಲ್ಲಿ ಬ್ರಾಡ್‌ವೇಗೆ ಬಂದ ಈ ನಾಟಕಕ್ಕಾಗಿ ಜೋನ್ಸ್ ತಲೆ ಬೋಳಿಸಿಕೊಂಡು, ಮೈ ಹುರಿಗೊಳಿಸಿಕೊಂಡು ರಂಗಕ್ಕಿಳಿದರು. 1969ರಲ್ಲಿ ಅವರಿಗೆ ಶ್ರೇಷ್ಠ ನಟನೆಂದು ಟೋನಿ ಪ್ರಶಸ್ತಿಯೂ ನಾಟಕಕ್ಕೆ ಪುಲಿಟ್ಜರ್ ಪ್ರಶಸ್ತಿಯೂ ಲಭಿಸಿದವು. 1970ರ ಚಲನಚಿತ್ರ ರೂಪದಲ್ಲಿಯೂ ಅವರೇ ನಟಿಸಿ ಆಸ್ಕರ್ ನಾಮನಿರ್ದೇಶನ ಪಡೆದರು. ಶ್ರೇಷ್ಠ ನಾಯಕನಟ ವಿಭಾಗದಲ್ಲಿ ಸಿಡ್ನಿ ಪಾಟಿಯೆ ಅವರ ನಂತರ ಈ ಗೌರವ ಪಡೆದ ಎರಡನೆಯ ಕಪ್ಪು ವರ್ಣೀಯ ಅವರು.

ಎರಡನೆಯ ಮಹಾಪಾತ್ರ ಬಂದದ್ದು ಸುಮಾರು ಎರಡು ದಶಕಗಳ ಬಳಿಕ. ಆಗಸ್ಟ್ ವಿಲ್ಸನ್ ಅವರ 'ಫೆನ್ಸಸ್' ನಾಟಕದ ಟ್ರಾಯ್ ಮ್ಯಾಕ್ಸನ್ 1950ರ ದಶಕದ ಪಿಟ್ಸ್‌ಬರ್ಗ್ ನಗರದಲ್ಲಿ ಕಸ ಹೊರುವ ನೌಕರ. ಯೌವನದಲ್ಲಿ ಪ್ರತಿಭಾವಂತ ಬೇಸ್‌ಬಾಲ್ ಆಟಗಾರ. ಮೈಬಣ್ಣದ ಕಾರಣದಿಂದ ದೊಡ್ಡ ತಂಡಗಳ ಬಾಗಿಲು ಅವನಿಗೆ ತೆರೆಯಲಿಲ್ಲ. ಆ ಕಹಿಯನ್ನು ನುಂಗಲಾರದೆ, ಕ್ರೀಡೆಯಲ್ಲಿ ಮುಂದೆ ಬರಬಹುದಾದ ತನ್ನ ಮಗನ ದಾರಿಗೆ ತಾನೇ ಅಡ್ಡ ನಿಲ್ಲುತ್ತಾನೆ. ಮಗನಿಗೆ ಒಳಿತನ್ನು ಬಯಸುತ್ತಲೇ ಅವನ ಕನಸನ್ನು ಹೊಸಕುವ ತಂದೆ ನಮ್ಮ ನಡುವಿನ ಮಧ್ಯಮವರ್ಗದ ಮನೆಗಳಿಗೂ ಹೊಸಬನಲ್ಲ. ಲಾಯ್ಡ್ ರಿಚರ್ಡ್ಸ್ ನಿರ್ದೇಶನದ ಈ ನಾಟಕ 1987ರಲ್ಲಿ ಬ್ರಾಡ್‌ವೇಗೆ ಬಂದಾಗ ಜೋನ್ಸರಿಗೆ ಎರಡನೆಯ ಟೋನಿ ಪ್ರಶಸ್ತಿ ದೊರೆಯಿತು. ತಂದೆಯಿಲ್ಲದೆ ಬೆಳೆದವರು ತಂದೆಯ ಪಾತ್ರಗಳಲ್ಲಿಯೇ ಅತ್ಯಂತ ಎತ್ತರಕ್ಕೇರಿದರೆಂಬುದು ಗಮನಾರ್ಹ.

ಚಲನಚಿತ್ರ ಮತ್ತು ದೂರದರ್ಶನ

ಸ್ಟ್ಯಾನ್ಲಿ ಕುಬ್ರಿಕ್ ನಿರ್ದೇಶನದ 'ಡಾಕ್ಟರ್ ಸ್ಟ್ರೇಂಜ್‌ಲವ್' (1964) ಅವರ ಮೊದಲ ಚಲನಚಿತ್ರ. ಅಣುಬಾಂಬು ಹೊತ್ತ ವಿಮಾನದಲ್ಲಿ ಬಾಂಬು ಹಾಕುವ ಅಧಿಕಾರಿಯ ಸಣ್ಣ ಪಾತ್ರ. 1960ರ ದಶಕದಲ್ಲಿ ಹಗಲುಹೊತ್ತಿನ ದೂರದರ್ಶನ ಧಾರಾವಾಹಿಗಳಲ್ಲಿ ನಿರಂತರ ಪಾತ್ರ ಪಡೆದ ಮೊದಲ ಕೆಲವು ಕಪ್ಪು ನಟರಲ್ಲಿ ಅವರೂ ಒಬ್ಬರು.

1972ರ 'ದಿ ಮ್ಯಾನ್' ಚಿತ್ರದಲ್ಲಿ ಅವರು ವಹಿಸಿದ್ದು ಅಮೆರಿಕದ ಅಧ್ಯಕ್ಷನ ಪಾತ್ರ. ಅಪಘಾತ ಮತ್ತು ಅನಾರೋಗ್ಯಗಳಿಂದ ಮೇಲಿನ ಸ್ಥಾನಗಳೆಲ್ಲ ತೆರವಾಗಿ, ಸೆನೆಟ್ ಸದಸ್ಯನೊಬ್ಬ ಅನಿರೀಕ್ಷಿತವಾಗಿ ದೇಶದ ಮೊದಲ ಕಪ್ಪು ಅಧ್ಯಕ್ಷನಾಗುವ ಕಥೆಯದು. ಬರಾಕ್ ಒಬಾಮ ಚುನಾಯಿತರಾದದ್ದು ಅದಾಗಿ 36 ವರ್ಷಗಳ ನಂತರ. 1974ರ 'ಕ್ಲಾಡೀನ್' ಚಿತ್ರದಲ್ಲಿ ಆರು ಮಕ್ಕಳ ತಾಯಿಯನ್ನು ಪ್ರೀತಿಸುವ ಕಸ ಸಾಗಿಸುವ ನೌಕರನಾಗಿ, 1987ರ 'ಮೇಟ್ವಾನ್' ಚಿತ್ರದಲ್ಲಿ ಕಲ್ಲಿದ್ದಲ ಗಣಿಯ ಕಾರ್ಮಿಕನಾಗಿ, 1988ರ 'ಕಮಿಂಗ್ ಟು ಅಮೆರಿಕ' ಚಿತ್ರದಲ್ಲಿ ಆಫ್ರಿಕದ ಕಾಲ್ಪನಿಕ ರಾಜ್ಯದ ದೊರೆಯಾಗಿ ಅವರು ನೀಡಿದ ಅಭಿನಯ ಒಂದಕ್ಕಿಂತ ಒಂದು ಭಿನ್ನ. 1989ರ 'ಫೀಲ್ಡ್ ಆಫ್ ಡ್ರೀಮ್ಸ್' ಚಿತ್ರದಲ್ಲಿ ಜನರಿಂದ ದೂರ ಸರಿದ ಲೇಖಕನಾಗಿ, ಬೇಸ್‌ಬಾಲ್ ಆಟವು ದೇಶದ ಬದುಕಿನಲ್ಲಿ ಏನಾಗಿತ್ತೆಂಬುದನ್ನು ವಿವರಿಸುವ ಅವರ ಸ್ವಗತ ಇಂದಿಗೂ ಪ್ರಸಿದ್ಧ. 1995ರ 'ಕ್ರೈ, ದಿ ಬಿಲವ್ಡ್ ಕಂಟ್ರಿ' ಚಿತ್ರದಲ್ಲಿ ಮಗನನ್ನು ಹುಡುಕುತ್ತಾ ಮಹಾನಗರಕ್ಕೆ ಬರುವ ಹಳ್ಳಿಯ ಪಾದ್ರಿಯ ಪಾತ್ರ ಅವರ ಅತ್ಯುತ್ತಮ ಕೆಲಸಗಳಲ್ಲೊಂದೆಂದು ನಮ್ಮ ಅಭಿಪ್ರಾಯ.

1991ರಲ್ಲಿ ಒಂದೇ ವರ್ಷ ಎರಡು ಎಮ್ಮಿ ಪ್ರಶಸ್ತಿಗಳನ್ನು ಪಡೆದದ್ದು ದೂರದರ್ಶನದಲ್ಲಿ ಅವರ ಸಾಧನೆ. ಒಂದು 'ಗೇಬ್ರಿಯಲ್ಸ್ ಫೈರ್' ಧಾರಾವಾಹಿಗೆ, ಇನ್ನೊಂದು 'ಹೀಟ್ ವೇವ್' ಎಂಬ ಕಿರುತೆರೆಯ ಚಿತ್ರಕ್ಕೆ.

ಮುಖವಾಡದ ಹಿಂದಿನ ದನಿ

1977ರಲ್ಲಿ ಜಾರ್ಜ್ ಲ್ಯೂಕಾಸ್ ಅವರ 'ಸ್ಟಾರ್ ವಾರ್ಸ್' ತೆರೆಕಂಡಿತು. ಡಾರ್ತ್ ವೇಡರನ ವೇಷ ಧರಿಸಿದವರು ಇಂಗ್ಲೆಂಡಿನ ಎತ್ತರದ ಭಾರ ಎತ್ತುವ ಪಟು ಡೇವಿಡ್ ಪ್ರೌಸ್. ಅವರ ಪ್ರಾದೇಶಿಕ ಉಚ್ಚಾರಣೆ ಆ ಪಾತ್ರಕ್ಕೆ ಒಪ್ಪದೆಂದು ಲ್ಯೂಕಾಸ್ ಅವರು ಬೇರೆ ಕಂಠವನ್ನು ಹುಡುಕಿದರು. ಜೋನ್ಸ್ ಧ್ವನಿಮುದ್ರಣ ಕೊಠಡಿಯಲ್ಲಿ ಸುಮಾರು ಎರಡೂವರೆ ಗಂಟೆ ಕಳೆದು, ಏಳು ಸಾವಿರ ಡಾಲರ್ ಸಂಭಾವನೆ ಪಡೆದು ಮನೆಗೆ ಮರಳಿದರು. ಅಂದು ಅದು ಅವರಿಗೆ ಒಳ್ಳೆಯ ಮೊತ್ತವೇ ಆಗಿತ್ತು.

ಈ ಒಂದು ಪಾತ್ರದ ನಿರ್ಮಾಣದಲ್ಲಿ ಎಷ್ಟು ಮಂದಿಯ ಪಾಲಿದೆಯೆಂಬುದು ಕುತೂಹಲಕರ. ದೇಹ ಪ್ರೌಸ್ ಅವರದು. ಉಸಿರಾಟದ ಸದ್ದನ್ನು ಧ್ವನಿವಿನ್ಯಾಸಕ ಬೆನ್ ಬರ್ಟ್ ಅವರು ನೀರಿನಡಿ ಈಜುವವರ ಉಸಿರಾಟದ ಸಾಧನದಿಂದ ಮುದ್ರಿಸಿಕೊಂಡರು. ಮುಂದಿನ ಚಿತ್ರಗಳ ಕತ್ತಿವರಸೆ ಬಾಬ್ ಆಂಡರ್ಸನ್ ಅವರದು. 1983ರ ಚಿತ್ರದಲ್ಲಿ ಮುಖವಾಡ ತೆಗೆದಾಗ ಕಂಡ ಮುಖ ಸೆಬಾಸ್ಟಿಯನ್ ಷಾ ಅವರದು. ಇವರೆಲ್ಲರನ್ನೂ ಒಂದೇ ಜೀವವಾಗಿ ಬೆಸೆದದ್ದು ಜೋನ್ಸರ ಕಂಠ. ನಮ್ಮ ತೊಗಲುಗೊಂಬೆಯಾಟದಲ್ಲಿ ಪರದೆಯ ಹಿಂದಿನ ದನಿ ಬೊಂಬೆಗೆ ಉಸಿರು ತುಂಬುವುದನ್ನು ಕಂಡವರಿಗೆ ಇದು ಬೇಗನೆ ಮನದಟ್ಟಾದೀತು.

ಮೊದಲ ಎರಡು ಚಿತ್ರಗಳಲ್ಲಿ ತಮ್ಮ ಹೆಸರು ಬೇಡವೆಂದು ಜೋನ್ಸರೇ ಹೇಳಿದ್ದರು. 1973ರ 'ದಿ ಎಕ್ಸಾರ್ಸಿಸ್ಟ್' ಚಿತ್ರದಲ್ಲಿ ದೆವ್ವದ ದನಿ ನೀಡಿದ ನಟಿ ಮರ್ಸಿಡಿಸ್ ಮೆಕೇಂಬ್ರಿಜ್ ಅವರ ಹೆಸರನ್ನು ತೋರಿಸಬೇಕೇ ಬೇಡವೇ ಎಂಬ ವಿವಾದ ಆಗ ಎದ್ದಿತ್ತು. ಅಂಥ ದನಿ ಚಿತ್ರದ ವಿಶೇಷ ಪರಿಣಾಮಗಳಲ್ಲಿ ಒಂದಷ್ಟೇ ಎಂಬುದು ಜೋನ್ಸರ ಅಭಿಪ್ರಾಯ. ಅದನ್ನೇ ತಮಗೂ ಅನ್ವಯಿಸಿಕೊಂಡರು. ಕೊನೆಗೆ 1983ರ 'ರಿಟರ್ನ್ ಆಫ್ ದಿ ಜೆಡೈ' ಚಿತ್ರದ ಹೊತ್ತಿಗೆ ಆ ಕಂಠದ ಗುಟ್ಟು ಎಲ್ಲರಿಗೂ ತಿಳಿದಿತ್ತು. ಅವರ ಹೆಸರು ತೆರೆಯ ಮೇಲೆ ಬಂತು.

ಕಂಠದಾನದ ಇತರ ಕೆಲಸಗಳೂ ಅಷ್ಟೇ ವ್ಯಾಪಕ. 1994ರ 'ದಿ ಲಯನ್ ಕಿಂಗ್' ಚಿತ್ರದ ಮುಫಾಸಾನಲ್ಲಿ ಅಧಿಕಾರವೂ ವಾತ್ಸಲ್ಯವೂ ಬೆರೆತಿವೆ. 'ಕಮಿಂಗ್ ಟು ಅಮೆರಿಕ' ಚಿತ್ರದಲ್ಲಿ ಅವರ ರಾಣಿಯಾಗಿದ್ದ ಮ್ಯಾಜ್ ಸಿಂಕ್ಲೇರ್ ಅವರೇ ಇಲ್ಲಿ ಸಿಂಹಿಣಿ ಸರಾಬಿಗೆ ದನಿಯಾದರು. 2019ರಲ್ಲಿ ಅದೇ ಕಥೆಯನ್ನು ಹೊಸ ತಂತ್ರದಲ್ಲಿ ತೆಗೆದಾಗ ಪ್ರಧಾನ ಪಾತ್ರಗಳ ಪೈಕಿ ಮೂಲ ಚಿತ್ರದಿಂದ ಉಳಿಸಿಕೊಂಡ ದನಿ ಜೋನ್ಸರದು ಮಾತ್ರ. ಹಿಂದಿಯಲ್ಲಿ ಆ ಪಾತ್ರಕ್ಕೆ ಷಾರುಖ್ ಖಾನ್ ದನಿ ನೀಡಿದರು. ತೆಲುಗಿನಲ್ಲಿ ದನಿಯಾದವರು 'ಕೆಂಪೇಗೌಡ' ಚಿತ್ರದಿಂದ ಕನ್ನಡಿಗರಿಗೆ ಚಿರಪರಿಚಿತರಾದ ರವಿಶಂಕರ್. ಸಿಎನ್‌ಎನ್ ವಾರ್ತಾವಾಹಿನಿಯ ಹೆಸರನ್ನು ಘೋಷಿಸುವ ಮೂರೇ ಪದಗಳ ಸೂಚನೆಯನ್ನು ವಿಶ್ವದಾದ್ಯಂತ ಕೇಳಿಸಿದವರೂ ಅವರೇ. ಬೈಬಲಿನ ಹೊಸ ಒಡಂಬಡಿಕೆಯ ವಾಚನವನ್ನೂ ಅವರು ಧ್ವನಿಮುದ್ರಿಸಿದ್ದಾರೆ. ಭಾಷಣ ವಾಚನದ ಧ್ವನಿಮುದ್ರಿಕೆಗಾಗಿ 1977ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಸಂದಿತ್ತು.

ಮಕ್ಕಳ ಶಿಕ್ಷಣ ಬಲ್ಲವರಿಗೆ ರುಚಿಸುವ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. 1969ರಲ್ಲಿ 'ಸೆಸಮೆ ಸ್ಟ್ರೀಟ್' ಎಂಬ ಮಕ್ಕಳ ಕಾರ್ಯಕ್ರಮದ ಸಿದ್ಧತೆ ನಡೆದಾಗ ಜೋನ್ಸ್ ಇಂಗ್ಲಿಷ್ ವರ್ಣಮಾಲೆಯನ್ನು ಬಹಳ ನಿಧಾನವಾಗಿ, ಅಕ್ಷರ ಅಕ್ಷರದ ನಡುವೆ ದೀರ್ಘ ವಿರಾಮ ಕೊಟ್ಟು ಹೇಳಿದರು. ಪ್ರತಿಯೊಂದು ಅಕ್ಷರವೂ ಅವರು ಬಾಯಿ ತೆರೆಯುವ ಮೊದಲೇ ತೆರೆಯಲ್ಲಿ ಮೂಡುತ್ತಿತ್ತು. ಮೊದಲ ಸಲ ನೋಡಿದ ಮಕ್ಕಳು ಅವರ ಜೊತೆಯಲ್ಲಿ ಹೇಳಿದರು. ಮತ್ತೆ ಮತ್ತೆ ನೋಡಿದಂತೆ ಆ ವಿರಾಮದಲ್ಲೇ ಅವರಿಗಿಂತ ಮುಂಚೆ ಅಕ್ಷರವನ್ನು ಕೂಗತೊಡಗಿದರು. ಸಂಶೋಧಕರು ಇದಕ್ಕೆ 'ಜೇಮ್ಸ್ ಅರ್ಲ್ ಜೋನ್ಸ್ ಪರಿಣಾಮ' ಎಂದೇ ಹೆಸರಿಟ್ಟರು. ತಮ್ಮ ಬಾಲ್ಯವನ್ನು ಕಾಡಿದ ಮೌನವೇ ಇತರ ಮಕ್ಕಳ ಕಲಿಕೆಗೆ ಎಡೆ ಮಾಡಿಕೊಟ್ಟಿತು.

ದನಿ ಯಾರ ಸೊತ್ತು?

ವಯಸ್ಸಾದಂತೆ ಕಂಠವೂ ಬಳಲುತ್ತದೆ. 2022ರಲ್ಲಿ ಪ್ರಸಾರವಾದ 'ಓಬಿ-ವಾನ್ ಕೆನೋಬಿ' ಸರಣಿಯಲ್ಲಿ ವೇಡರ್ ಮರಳಿ ಬಂದಾಗ, ಉಕ್ರೇನಿನ ರೆಸ್ಪೀಚರ್ ಎಂಬ ಸಂಸ್ಥೆ ಜೋನ್ಸರ ಹಳೆಯ ಧ್ವನಿಮುದ್ರಿಕೆಗಳನ್ನು ಆಧರಿಸಿ ಕೃತಕ ಬುದ್ಧಿಮತ್ತೆಯ ನೆರವಿನಿಂದ ಆ ದನಿಯನ್ನು ಮರುಸೃಷ್ಟಿಸಿತು. ರಷ್ಯದ ಆಕ್ರಮಣಕ್ಕೆ ಸಿಲುಕಿದ್ದ ದಿನಗಳಲ್ಲೂ ಅಲ್ಲಿನ ತಂತ್ರಜ್ಞರು ಈ ಕೆಲಸವನ್ನು ಮುಂದುವರಿಸಿದ್ದರು. ಇದಕ್ಕೆ ಜೋನ್ಸರ ಸಮ್ಮತಿ ಇತ್ತು.

2024ರ ಸೆಪ್ಟೆಂಬರ್ 9ರಂದು ನ್ಯೂಯಾರ್ಕ್ ರಾಜ್ಯದ ತಮ್ಮ ಮನೆಯಲ್ಲಿ ಜೋನ್ಸ್ 93ನೆಯ ವಯಸ್ಸಿನಲ್ಲಿ ನಿಧನರಾದರು. ಆದರೆ ದನಿ ನಿಲ್ಲಲಿಲ್ಲ. 2025ರ ಮೇ ತಿಂಗಳಲ್ಲಿ 'ಫೋರ್ಟ್‌ನೈಟ್' ಎಂಬ ಕಂಪ್ಯೂಟರ್ ಆಟದಲ್ಲಿ ಆಟಗಾರರೊಡನೆ ನೇರವಾಗಿ ಸಂಭಾಷಿಸುವ ಡಾರ್ತ್ ವೇಡರ್ ಕಾಣಿಸಿಕೊಂಡ. ಕುಟುಂಬದವರ ಒಪ್ಪಿಗೆ ಇದ್ದಿತಾದರೂ, ಕೆಲವು ಆಟಗಾರರು ಆ ದನಿಯಿಂದ ಅವಾಚ್ಯ ಶಬ್ದಗಳನ್ನು ಆಡಿಸಿದರು. ಆಟದ ಸಂಸ್ಥೆ ಕೂಡಲೇ ಅದನ್ನು ಸರಿಪಡಿಸಬೇಕಾಯಿತು. ನಟರ ಸಂಘಟನೆಯು, ತಮ್ಮೊಡನೆ ಮಾತುಕತೆ ನಡೆಸದೆ ಮನುಷ್ಯ ಕಲಾವಿದರ ಕೆಲಸವನ್ನು ಯಂತ್ರಕ್ಕೆ ವಹಿಸಲಾಗಿದೆಯೆಂದು ಅಧಿಕೃತ ದೂರನ್ನೂ ಸಲ್ಲಿಸಿತು.

ಇದು ದೂರದ ದೇಶದ ಜಗಳವೆಂದು ನಾವು ತಳ್ಳಿಹಾಕುವಂತಿಲ್ಲ. 2022ರ ನವೆಂಬರಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಅಮಿತಾಭ್ ಬಚ್ಚನ್ ಅವರ ಹೆಸರು, ಚಿತ್ರ ಮತ್ತು ದನಿಯನ್ನು ಅನುಮತಿಯಿಲ್ಲದೆ ಬಳಸದಂತೆ ಮಧ್ಯಂತರ ಆದೇಶ ನೀಡಿತು. 2024ರ ಜುಲೈಯಲ್ಲಿ ಬಾಂಬೆ ಉಚ್ಚ ನ್ಯಾಯಾಲಯವು ಗಾಯಕ ಅರಿಜಿತ್ ಸಿಂಗ್ ಅವರ ಕಂಠವನ್ನು ಯಂತ್ರದಿಂದ ನಕಲು ಮಾಡುವುದರ ವಿರುದ್ಧ ರಕ್ಷಣೆ ಒದಗಿಸಿತು. ಅದೇ ವರ್ಷ ತಮಿಳಿನ 'ಲಾಲ್ ಸಲಾಂ' ಚಿತ್ರಕ್ಕಾಗಿ ಎ. ಆರ್. ರೆಹಮಾನ್ ಅವರು ದಿವಂಗತ ಗಾಯಕರಿಬ್ಬರ ದನಿಗಳನ್ನು ಕುಟುಂಬದವರ ಅನುಮತಿ ಪಡೆದು ಮರುಸೃಷ್ಟಿಸಿದರು.

ಖಾತೆದಾರ ತೀರಿಕೊಂಡರೆ ಠೇವಣಿ ಯಾರಿಗೆ ಸೇರಬೇಕೆಂಬುದಕ್ಕೆ ಬ್ಯಾಂಕಿನಲ್ಲಿ ನಾಮನಿರ್ದೇಶನದ ಕಾಗದವಿದೆ. ದನಿಯ ವಿಷಯದಲ್ಲಿ ಅಂಥ ಸ್ಪಷ್ಟತೆ ಇನ್ನೂ ಮೂಡಬೇಕಾಗಿದೆ. ಜೋನ್ಸ್ ಬದುಕಿದ್ದಾಗಲೇ ಒಪ್ಪಿಗೆ ಕೊಟ್ಟಿದ್ದರು ನಿಜ. ಆದರೆ ಅವರು ಆಡದ ಮಾತನ್ನು ಅವರ ಕಂಠದಲ್ಲಿ ಆಡಿಸುವಾಗ, ಯಾವ ಮಾತನ್ನು ಆಡಲಾರೆನೆಂದು ಹೇಳಲು ಅವರಿಲ್ಲ. ನಟನೊಬ್ಬನಿಗೆ ದನಿಯಷ್ಟೇ ಮುಖ್ಯವಾದದ್ದು ಎಲ್ಲಿ ಮೌನ ತಾಳಬೇಕೆಂಬ ವಿವೇಕ. ಅದನ್ನು ಯಂತ್ರಕ್ಕೆ ಹಸ್ತಾಂತರಿಸುವ ಬಗೆ ಯಾವ ಒಪ್ಪಂದದಲ್ಲಿಯೂ ಇರಲಾರದು.

ಗೌರವಗಳು ಮತ್ತು ಕೊನೆಯ ವರ್ಷಗಳು

ಎಂಬತ್ತರ ಹರೆಯದಲ್ಲಿಯೂ ಜೋನ್ಸ್ ರಂಗದಿಂದ ದೂರವಾಗಲಿಲ್ಲ. 2010ರಲ್ಲಿ ವನೆಸ್ಸ ರೆಡ್‌ಗ್ರೇವ್ ಅವರೊಡನೆ 'ಡ್ರೈವಿಂಗ್ ಮಿಸ್ ಡೇಸಿ', 2015ರಲ್ಲಿ ಹಳೆಯ ಒಡನಾಡಿ ಸಿಸಿಲಿ ಟೈಸನ್ ಅವರೊಡನೆ 'ದಿ ಜಿನ್ ಗೇಮ್' ನಾಟಕಗಳಲ್ಲಿ ಅಭಿನಯಿಸಿದರು. 1992ರಲ್ಲಿ ರಾಷ್ಟ್ರೀಯ ಕಲಾ ಪದಕ, 2002ರಲ್ಲಿ ಕೆನಡಿ ಸೆಂಟರ್ ಗೌರವ, 2017ರಲ್ಲಿ ಜೀವಮಾನ ಸಾಧನೆಯ ಟೋನಿ ಅವರಿಗೆ ಸಂದವು. 2011ರ ಗೌರವ ಆಸ್ಕರನ್ನು ಅವರು ಸ್ವೀಕರಿಸಿದ್ದು ಲಂಡನ್ನಿನ ರಂಗಮಂಚದ ಮೇಲೆಯೇ, ನಾಟಕ ಮುಗಿದ ನಂತರ. ಅದನ್ನು ಅವರ ಕೈಗಿತ್ತವರು ನಮಗೆಲ್ಲ 'ಗಾಂಧಿ'ಯಾಗಿ ಪರಿಚಿತರಾದ ಬೆನ್ ಕಿಂಗ್‌ಸ್ಲಿ.

2022ರಲ್ಲಿ ನ್ಯೂಯಾರ್ಕಿನ ಕೋರ್ಟ್ ಥಿಯೇಟರ್ ಅನ್ನು ನವೀಕರಿಸಿ 'ಜೇಮ್ಸ್ ಅರ್ಲ್ ಜೋನ್ಸ್ ಥಿಯೇಟರ್' ಎಂದು ಪುನರ್ನಾಮಕರಣ ಮಾಡಲಾಯಿತು. 1958ರಲ್ಲಿ ಊಟ ಸಿದ್ಧವಾಗಿದೆಯೆಂಬ ಒಂದು ವಾಕ್ಯ ಹೇಳಲು ಅವರು ಒದ್ದಾಡಿದ್ದು ಅದೇ ಮಂದಿರದಲ್ಲಿ.

ನೋಡಬಯಸುವವರಿಗೆ

ಮಕ್ಕಳಿರುವ ಮನೆಗಳಲ್ಲಿ 1994ರ 'ದಿ ಲಯನ್ ಕಿಂಗ್' ಚಿತ್ರವನ್ನು ಮೂಲ ಇಂಗ್ಲಿಷಿನಲ್ಲಿಯೇ ಒಮ್ಮೆ ನೋಡಬಹುದು. ಹದಿಹರೆಯದವರಿಗೆ 'ಸ್ಟಾರ್ ವಾರ್ಸ್' (1977) ಮತ್ತು 'ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್' (1980). ಜೋನ್ಸರ ಮುಖವನ್ನೂ ಅಭಿನಯವನ್ನೂ ಕಾಣಬಯಸುವ ಹಿರಿಯರಿಗೆ 'ದಿ ಗ್ರೇಟ್ ವೈಟ್ ಹೋಪ್' (1970), 'ಫೀಲ್ಡ್ ಆಫ್ ಡ್ರೀಮ್ಸ್' (1989) ಮತ್ತು 'ಕ್ರೈ, ದಿ ಬಿಲವ್ಡ್ ಕಂಟ್ರಿ' (1995) ಚಿತ್ರಗಳನ್ನು ನಾವು ಸೂಚಿಸುತ್ತೇವೆ. ಓದುವ ಆಸಕ್ತಿಯುಳ್ಳವರಿಗೆ ಅವರ ಆತ್ಮಕಥೆ 1993ರಲ್ಲಿ ಪ್ರಕಟವಾಗಿದೆ. ಅದರ ಹೆಸರು 'ವಾಯ್ಸಸ್ ಅಂಡ್ ಸೈಲೆನ್ಸಸ್', ಎಂದರೆ ದನಿಗಳು ಮತ್ತು ಮೌನಗಳು.